ಹಾಲಿನ ಸಂಘದಲ್ಲಿ ನಿಮ್ಮ ಓಟು



ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕುವ ನೀವೆಲ್ಲ “ಸಂಘ ನಮ್ಮದು” ಎನ್ನುತ್ತೀರಿ. ಸಂತೋಷ. ಆದರೆ ಸಂಘದ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾವ ಬಗೆಯ ಸದಸ್ಯರೆಂದು ಇದೆ, ಎಂದಾದರೂ ನೋಡಿದ್ದೀರಾ?

ಯಲಹಂಕದ ಆಚೆ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಂಘದ ಚುನಾವಣೆಯ ದಿನ ಒಬ್ಬ ತಾಯಿ ಹಾಲಿನ ಪುಸ್ತಕ ಹಿಡಿದು ಬಂದರು. ಯಜಮಾನರು ಹಾಸಿಗೆ ಹಿಡಿದಿದ್ದರು. ಪಟ್ಟಿಯಲ್ಲಿದ್ದದ್ದು ಅವರ ಹೆಸರು. ಓಟು ಕೊಡಲಿಲ್ಲ.

“ಹಸು ಮೇಯಿಸೋಳು ನಾನು, ಹಾಲು ಕರೆಯೋಳು ನಾನು. ಓಟಿಗೆ ಮಾತ್ರ ನಾನು ಬೇಡವೇ ಸ್ವಾಮಿ?” ಎಂದು ನನ್ನನ್ನು ಕೇಳಿದರು. “ಯಜಮಾನರ ಬದಲು ನೀವು ಬನ್ನಿ, ನಡೆಯುತ್ತೆ” ಎಂದು ಹಿಂದಿನ ವಾರ ಹೇಳಿದ್ದವನು ನಾನೇ. ತಪ್ಪು ನನ್ನದು. ಅಂದೇ ಕಾನೂನು ತೆಗೆದು ಓದಿದೆ.

ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯಿದೆಯಲ್ಲಿ ಸದಸ್ಯರಿಗೆ ಒಬ್ಬರಿಗೆ ಒಂದೇ ಓಟು. ಒಂದು ಷೇರು ಇರಲಿ, ಹತ್ತು ಷೇರು ಇರಲಿ, ಓಟು ಒಂದೇ. ಒಂದು ಹಸುವಿನವರೂ ಹತ್ತು ಹಸುವಿನವರೂ ಅಲ್ಲಿ ಸರಿಸಮ. ಆದರೆ ನಾಮಮಾತ್ರ ಸದಸ್ಯರಿಗೂ ಸಹ ಸದಸ್ಯರಿಗೂ ಓಟಿಲ್ಲ. ಒಬ್ಬರ ಓಟನ್ನು ಇನ್ನೊಬ್ಬರು ಹಾಕುವಂತೆಯೂ ಇಲ್ಲ. ಗಂಡನದನ್ನು ಹೆಂಡತಿಯಾಗಲಿ, ತಂದೆಯದನ್ನು ಮಗನಾಗಲಿ ಹಾಕಲಾಗದು. ಬರಿದೇ ಹಾಲು ಹಾಕಿದ ಮಾತ್ರಕ್ಕೆ ಸದಸ್ಯರಾಗುವುದಿಲ್ಲ. ಅರ್ಜಿ ಕೊಟ್ಟು, ಷೇರು ಹಣ ಕಟ್ಟಿ, ಸಂಘ ಒಪ್ಪಿಕೊಳ್ಳಬೇಕು.

“ಓಟಿಲ್ಲದಿದ್ದರೆ ಏನಂತೆ, ಹಾಲಿನ ದುಡ್ಡು ಬರುತ್ತಲ್ಲ” ಎನ್ನಬೇಡಿ. ಲೆಕ್ಕ ಒಪ್ಪುವುದು, ಲಾಭ ಹಂಚುವುದು, ಆಡಳಿತ ಮಂಡಳಿ ಆರಿಸುವುದು, ಇವೆಲ್ಲ ಸದಸ್ಯರ ಕೈಯಲ್ಲಿವೆ. ಸಭೆಯಲ್ಲಿ ನಾವಿಲ್ಲದಿದ್ದರೆ ನಮ್ಮ ಹಾಲಿನ ಮಾತನ್ನು ಬೇರೆಯವರು ಆಡುತ್ತಾರೆ. ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು.

ಹಾಗಾದರೆ ಏನು ಮಾಡಬೇಕು? ಮೊದಲು ಕಾರ್ಯದರ್ಶಿಯವರಲ್ಲಿ ಸದಸ್ಯರ ಪಟ್ಟಿ ಕೇಳಿ ನಿಮ್ಮ ಹೆಸರು ನೋಡಿಕೊಳ್ಳಿ. ಎರಡನೆಯದು, ವರ್ಷಕ್ಕೆ ಎಷ್ಟು ದಿನ, ಎಷ್ಟು ಲೀಟರು ಹಾಲು ಹಾಕಬೇಕು, ಎಷ್ಟು ಸಭೆಗೆ ಬರಬೇಕು ಎಂಬುದನ್ನು ಬೈಲಾ ಓದಿಸಿ ತಿಳಿಯಿರಿ. ಮೂರನೆಯದು, ಸಾಲ ಬಾಕಿ ಇದ್ದರೆ ತೀರಿಸಿ, ರಸೀದಿ ಜೋಪಾನ ಮಾಡಿ. ನಾಲ್ಕನೆಯದು, ನಿಮ್ಮ ಷೇರಿಗೆ ವಾರಸುದಾರರ ಹೆಸರು ಬರೆಸಿ. ಇದೆಲ್ಲ ಚುನಾವಣೆ ಬಂದಾಗ ಅಲ್ಲ, ಈಗಲೇ ಆಗಬೇಕು.

ಆ ತಾಯಿ ಆಮೇಲೆ ತಮ್ಮ ಹೆಸರಿಗೇ ಅರ್ಜಿ ಹಾಕಿ ಸದಸ್ಯರಾದರು. ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, “ಫ್ಯಾಟು ಅಳೆಯೋದು ನಮ್ಮ ಕಣ್ಣೆದುರಿಗೇ ಆಗಲಿ” ಎಂದರು. ಅಂದಿನಿಂದ ಹಾಗೆಯೇ ನಡೆಯುತ್ತಿದೆ.

ನಾಳೆ ಹಾಲು ಹಾಕಲು ಹೋದಾಗ ಪಟ್ಟಿ ನೋಡಿ ಬನ್ನಿ.