ಕಾವಲಿಗೆ ಬೀಜದ ಹೋರಿಯನ್ನು ಆರಿಸುವ ಬಗೆ



ಬಸವನೆಂಬ ಹೆಸರೇ ವೃಷಭವಾಚಕವಾದುದು. ಈ ನಾಡಿನ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಹೋರಿಗರುವೊಂದನ್ನು ಬಿಟ್ಟು, ಮೂಗುದಾರ ನೊಗಗಳ ಬಾಧೆಯಿಲ್ಲದೆ ಅದು ಊರೆಲ್ಲ ತಿರುಗಿ ಮೇಯುವಂತೆ ಮಾಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದುದು ಎಲ್ಲರಿಗೂ ತಿಳಿದ ವಿಷಯವೇ. ಭಕ್ತಿಯ ಕಾರ್ಯವೆಂದು ಮಾತ್ರ ತೋರುವ ಈ ಪದ್ಧತಿಯೊಳಗೆ ಒಕ್ಕಲುತನದ ವಿವೇಕವೂ ಅಡಗಿತ್ತು. ಊರ ಹಸುಗಳಿಗೆಲ್ಲ ಆ ಬಸವನೇ ಬೀಜದ ಹೋರಿ. ಆದಕಾರಣ ಇದ್ದುದರಲ್ಲಿ ಒಳ್ಳೆಯ ಕರುವನ್ನೇ ಬಿಡಬೇಕೆಂಬುದು ನಿಯಮ. ಬರಬರುತ್ತ ಹರಕೆಯನ್ನು ಅಗ್ಗದಲ್ಲಿ ತೀರಿಸುವ ಬುದ್ಧಿಯು ಕೆಲವರಲ್ಲಿ ಹುಟ್ಟಿತು. ನೊಗಕ್ಕೆ ಬಾರದ, ಕಾಲು ಸೊಟ್ಟಾದ ಕರುವನ್ನು ದೇವರಿಗೆ ಬಿಟ್ಟು, ಅಂದವಾದುದಕ್ಕೆ ಬೀಜ ಒಡೆಸಿ ಉಳುಮೆಗೆ ಇಟ್ಟುಕೊಂಡರು. ಇದರಿಂದ ದೇವರು ಮೋಸಹೋಗಲಿಲ್ಲ. ಅವರ ಹಸುಗಳ ಸಂತತಿಯೇ ಕೆಟ್ಟಿತು.

ಹಸುವು ವರ್ಷಕ್ಕೆ ಹೆಚ್ಚೆಂದರೆ ಒಂದು ಕರುವನ್ನು ಈಯುವುದು. ಮಂದೆಯಲ್ಲಿ ಬಿಟ್ಟ ಹೋರಿಗೆ ಅದೇ ವರ್ಷದಲ್ಲಿ ಮೂವತ್ತು ಕರುಗಳು ಹುಟ್ಟಬಹುದು. ಕೆಟ್ಟ ಹಸುವನ್ನು ಕೊಂಡವನು ಒಂದು ಕರುವಿನಲ್ಲಿ ನಷ್ಟಪಡುವನು. ಕೆಟ್ಟ ಹೋರಿಯನ್ನು ಕೊಂಡವನ ನಷ್ಟವು ಮೊಮ್ಮಕ್ಕಳವರೆಗೂ ಹರಿದುಹೋಗುವುದು.

ಈ ಮಾತಿಗೆ ಮೈಸೂರು ಸೀಮೆಯ ಅಮೃತಮಹಲ್ ದನಗಳ ಚರಿತ್ರೆಯೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ಈ ದನಗಳ ಇಲಾಖೆಯೊಂದಿತ್ತು. ಮೇವಿಗಾಗಿ ಬೇರೆಬೇರೆ ಕಡೆಗಳಲ್ಲಿ ಕಾವಲುಗಳನ್ನು ಗೊತ್ತುಮಾಡಿದ್ದರು. ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪುಸುಲ್ತಾನ. ಈ ಎತ್ತುಗಳ ಬಲದಿಂದಲೇ ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದನೆಂದು ಹೇಳುವರು. ಇಂಥ ಮಂದೆಯನ್ನು 1860ರಲ್ಲಿ ಮದರಾಸಿನ ಸರ್ಕಾರವು ಖರ್ಚು ಉಳಿಸುವ ನೆಪದಿಂದ ಒಡೆದು ಮಾರಿಬಿಟ್ಟಿತು. ಕೊಂಡವರಲ್ಲಿ ಈಜಿಪ್ಟಿನ ಪಾಶಾನೂ ಇದ್ದನು. ತಪ್ಪು ಬೇಗನೆ ತಿಳಿದುಬಂದು 1866ರಲ್ಲಿ ಮತ್ತೆ ಮಂದೆಯನ್ನು ಕೂಡಿಸಬೇಕಾಯಿತು. ಮಾರುವುದು ಕೆಲವು ದಿನಗಳ ಕೆಲಸ. ಚೆದರಿದ ತಳಿಯನ್ನು ಕೂಡಿಸುವುದಕ್ಕೆ ತಲೆಮಾರುಗಳೇ ಬೇಕು. ಈಗ ಈ ತಳಿಯ ಮುಖ್ಯ ನೆಲೆಯು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ. ಅಲ್ಲಿ ಬೇಕಾದ ಹೋರಿಗರುಗಳನ್ನು ಉಳಿಸಿಕೊಂಡು ಮಿಕ್ಕವನ್ನು ಹರಾಜು ಹಾಕುವರು. ಹಳ್ಳಿಕಾರ್ ತಳಿಯಾದರೋ ರೈತರ ಮನೆಗಳಲ್ಲಿಯೇ ಬೆಳೆದುದು. ಅದನ್ನು ಸಿದ್ಧಗಂಗೆ, ಘಾಟಿ ಸುಬ್ರಹ್ಮಣ್ಯ ಮೊದಲಾದ ದನಗಳ ಜಾತ್ರೆಗಳಲ್ಲಿ ಕಾಣಬಹುದು.

ಜಾತ್ರೆಯಲ್ಲಿ ಕೊಳ್ಳುವವನು ಮೊದಲು ತನ್ನ ಕಣ್ಣನ್ನೇ ನಂಬಬಾರದು. ಮಾರುವವನು ಹುರುಳಿ ಹಿಂಡಿಗಳನ್ನು ತಿನ್ನಿಸಿ, ಕೊಂಬನ್ನು ಹೆರೆದು ಎಣ್ಣೆ ಸವರಿ, ಕರುವನ್ನು ಮದುವಣಿಗನಂತೆ ಸಿಂಗರಿಸಿ ತಂದಿರುವನು. ಕೊಟ್ಟಿಗೆಯಲ್ಲಿ ಕೊಬ್ಬಿದ ಆ ಕರುವು ಕಾವಲಿನ ಒಣಹುಲ್ಲಿಗೆ ಬಂದೊಡನೆ ಇಳಿದುಹೋಗುವುದು. ಆದುದರಿಂದ ಬಲ್ಲವನು ಜಾತ್ರೆಗೆ ಮುಂಚೆಯೇ ದನವಂತರ ಮನೆಗಳಿಗೆ ಹೋಗುವನು. ಅದರಲ್ಲಿಯೂ ಹುಲ್ಲು ಒಣಗಿದ ಫಾಲ್ಗುಣ ಚೈತ್ರಗಳಲ್ಲಿ ಹೋಗುವನು. ಅಲ್ಲಿ ಕರುವಿಗಿಂತ ಮೊದಲು ನೋಡತಕ್ಕುದು ಅದರ ತಾಯಿಯನ್ನು. ಬೇಸಗೆಯಲ್ಲಿಯೂ ಅವಳು ಮೈಯನ್ನು ಹಿಡಿದುಕೊಂಡಿರುವಳೆ? ಎಷ್ಟು ತಿಂಗಳಿಗೊಮ್ಮೆ ಕರು ಹಾಕಿದ್ದಾಳೆ? ಮೇವಿನ ಮೇಲೆಯೇ ಬದುಕಿ ಹದಿನೈದು ಹದಿನಾರು ತಿಂಗಳಿಗೊಮ್ಮೆ ಈಯುವ ಹಸುವಿನ ಮಗನು, ಎರಡು ಮೂರು ವರ್ಷಕ್ಕೊಮ್ಮೆ ಈಯುವ ಚೆಲುವೆಯ ಮಗನಿಗಿಂತ ಮೇಲು. ತಾಯಿಯ ಕೆಚ್ಚಲನ್ನೂ ಅಕ್ಕತಂಗಿಯರ ಮೈಕಟ್ಟನ್ನೂ ನೋಡಬೇಕು. ತಂದೆಯು ಯಾವ ಹೋರಿಯೆಂದು ವಿಚಾರಿಸಬೇಕು.

ಇಲ್ಲಿ ಸುಳಿಯ ಮಾತೊಂದು ಬರುವುದು. ಇಂಥ ಕಡೆ ಸುಳಿಯಿದ್ದರೆ ಭಾಗ್ಯ, ಇಂಥ ಕಡೆಯಿದ್ದರೆ ಕೇಡು ಎಂದು ಎಣಿಸಿ ಬೆಲೆ ಕಟ್ಟುವವರು ಇನ್ನೂ ಇದ್ದಾರೆ. ಕೂದಲು ತಿರುಗಿದ ದಿಕ್ಕಿನಿಂದ ಕರುವು ಹುಟ್ಟುವುದಿಲ್ಲ. ಸುಳಿಯನ್ನು ಅರ್ಧ ಗಳಿಗೆ ನೋಡುವವನು ಗೊರಸನ್ನು ಒಂದು ಸಲವಾದರೂ ಎತ್ತಿ ನೋಡಿದರೆ ಸಾಕು.

ವಯಸ್ಸನ್ನು ಹಲ್ಲು ಹೇಳುವುದು. ಹಾಲುಹಲ್ಲು ಬಿದ್ದು ಮೊದಲ ಎರಡು ಹಲ್ಲು ಮೂಡುವುದು ಎರಡರಿಂದ ಮೂರು ವರ್ಷದೊಳಗೆ. ಬಾಯಿಗೂಡುವುದು ಐದರ ಆಸುಪಾಸಿನಲ್ಲಿ. ಹಾಲುಹಲ್ಲು ಇರುವಾಗಲೇ, ಒಂದೂವರೆ ಎರಡು ವರ್ಷದಲ್ಲಿ, ಕೊಳ್ಳುವುದು ಲೇಸು. ಬೆಲೆಯೂ ಕಡಿಮೆ, ಕಾವಲಿನ ಬಿಸಿಲಿಗೂ ಕಲ್ಲಿಗೂ ಕರುವು ಒಗ್ಗಿಕೊಳ್ಳುವುದು. ಆಮೇಲೆ ಅದನ್ನು ಕಲ್ಲುನೆಲದ ಮೇಲೆ ನಡೆಸಿ ಹಿಂದಿನಿಂದಲೂ ಪಕ್ಕದಿಂದಲೂ ನೋಡಬೇಕು. ಬೆನ್ನು ನೀಳವಾಗಿ ನೆಟ್ಟಗಿರಬೇಕು. ಎದೆಯು ಆಳವಾಗಿ, ಮುಂಗಾಲುಗಳ ನಡುವೆ ಅಗಲವಿರಬೇಕು. ಹಿಂಗಾಲಿನ ಮಂಡಿಗಳು ಒಂದಕ್ಕೊಂದು ತಾಕುವಂತಿದ್ದರೆ ಬಿಡತಕ್ಕುದು. ಗೊರಸು ಕಪ್ಪಾಗಿ, ಗಟ್ಟಿಯಾಗಿ, ಸೀಳು ಬಿಗಿಯಾಗಿರಲಿ. ಹೊಕ್ಕುಳ ಕೆಳಗಿನ ಚರ್ಮವು ಜೋತುಬಿದ್ದರೆ ಜಾಲಿಮುಳ್ಳು ತಾಗಿ ಹುಣ್ಣಾಗುವುದು. ಬೀಜಗಳೆರಡೂ ಸಂಪೂರ್ಣವಾಗಿ ಕೆಳಗಿಳಿದು ಸಮವಾಗಿರಬೇಕು. ಒಂದೇ ಇಳಿದಿರುವ ಕರುವನ್ನು ಬಿಟ್ಟಿ ಕೊಟ್ಟರೂ ಒಲ್ಲೆನೆನ್ನಬೇಕು. ಅಮೃತಮಹಲ್ ಕರುವು ಬೆದರುವುದು ಸಹಜ, ಅದು ದೋಷವಲ್ಲ. ಆಳಿನ ಮೇಲೆ ಏರಿಬರುವುದು ಮಾತ್ರ ದೋಷವೇ ಸರಿ.

ಬೆಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ನಡೆಯುವ ದಲ್ಲಾಳಿಯ ವ್ಯಾಪಾರವನ್ನು ಬಲ್ಲವರು ಬಲ್ಲರು. ಸಂಚಕಾರವನ್ನು ಮಾತ್ರ ರಕ್ತಪರೀಕ್ಷೆಯ ಕರಾರಿನ ಮೇಲೆಯೇ ಕೊಡತಕ್ಕುದು. ಕಂದು ಹಾಕುವ ರೋಗವಾಗಲಿ ಕ್ಷಯವಾಗಲಿ ಹೊರಗೆ ಕಾಣದೆಯೇ ಕರುವಿನ ಮೈಯಲ್ಲಿರಬಹುದು. ಅವನ್ನು ಪಶುವೈದ್ಯನ ಪರೀಕ್ಷೆಯೊಂದೇ ಹೇಳಬಲ್ಲುದು. ಮನೆಗೆ ತಂದ ಮೇಲೂ ಒಂದು ತಿಂಗಳು ಬೇರೆಯಾಗಿ ಕಟ್ಟಿ, ಕಾಲುಬಾಯಿ ಜ್ವರ, ಗಂಟಲುಬೇನೆ, ಚಪ್ಪೆರೋಗಗಳಿಗೆ ಲಸಿಕೆ ಹಾಕಿಸಿಯೇ ಮಂದೆಗೆ ಬಿಡಬೇಕು.

ಈ ಕಾಲದಲ್ಲಿ ಹೊಸದೊಂದು ಕಷ್ಟವು ಒದಗಿದೆ. ಉಳುಮೆಗೆ ಟ್ರಾಕ್ಟರು ಬಂದಮೇಲೆ ಎತ್ತುಗಳು ಕಡಿಮೆಯಾದುವು. ಎತ್ತಿಗಾಗಿ ಹಸುವನ್ನು ಸಾಕುತ್ತಿದ್ದ ಮನೆಗಳೂ ಕಡಿಮೆಯಾದುವು. ಉಳಿದ ಒಳ್ಳೆಯ ಕರುಗಳಿಗೆ ಜೋಡಿಯ ಆಸೆಯಿಂದ ಚಿಕ್ಕಂದಿನಲ್ಲಿಯೇ ಬೀಜ ಒಡೆಸಿಬಿಡುವರು. ಹೀಗೆ ಅತ್ಯುತ್ತಮವಾದ ರಕ್ತವು ಒಂದು ಜೊತೆ ಎತ್ತಿನಲ್ಲಿಯೇ ಮುಗಿದುಹೋಗುವುದು. ಹೆಸರಘಟ್ಟದಲ್ಲಿ ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಕೇಂದ್ರವಿರುವುದು ನಿಜ. ಆದರೆ ಬೆದೆಗೆ ಬಂದ ಹಸುವನ್ನು ವಿಶಾಲವಾದ ಕಾವಲಿನಲ್ಲಿ ಹೊತ್ತಿಗೆ ಸರಿಯಾಗಿ ಹಿಡಿದು ಕಟ್ಟುವುದು ಸುಲಭವಲ್ಲ. ಅಲ್ಲಿ ಹೋರಿಯೇ ಬೇಕು. ಆದಕಾರಣ ಹರಾಜಿಗೆ ಹೋದವನು ಜೋಡಿ ಕೂಡುವ ಕರುವನ್ನು ಹುಡುಕದೆ, ಒಂಟಿಯಾದರೂ ತಾಯಿಯ ಗುಣವುಳ್ಳ ಕರುವನ್ನು ಹುಡುಕಬೇಕು. ಅಂಥದು ಕೆಲವು ವೇಳೆ ಅಗ್ಗವಾಗಿಯೂ ದೊರಕುವುದು.

ಮೂರು ವರ್ಷ ತುಂಬುವವರೆಗೆ ಹೋರಿಯ ಮೇಲೆ ಹೆಚ್ಚು ಹಸುಗಳ ಭಾರ ಹಾಕಬಾರದು. ಮೊದಲ ವರ್ಷ ಹದಿನೈದು ಇಪ್ಪತ್ತು ಸಾಕು. ಮೂರು ನಾಲ್ಕು ವರ್ಷ ಕಳೆದಾಗ ಅದರ ಮಗಳು ಕಡಸುಗಳೇ ಬೆದೆಗೆ ಬರುವುವು. ಅಷ್ಟರೊಳಗೆ ಅದನ್ನು ದೂರದ ಇನ್ನೊಂದು ಕಾವಲಿನ ಹೋರಿಗೆ ಬದಲಾಯಿಸಿಕೊಳ್ಳಬೇಕು. ಬದಲಿಗೆ ಬಂದ ಹೋರಿಗೂ ಹಲ್ಲು, ಗೊರಸು, ತಾಯಿಯ ವಿಚಾರ, ರಕ್ತಪರೀಕ್ಷೆ ಎಲ್ಲವೂ ಮೊದಲಿನಿಂದಲೇ ಆಗತಕ್ಕುವು.