ವಿವಾಹಬಂಧನದ ಸ್ಥಿತ್ಯಂತರವೂ ಅದರ ಸಾಮಾಜಿಕ ಕಾರಣಗಳೂ



ವಿವಾಹವಿಚ್ಛೇದದ ಮಾತು ಬಂದೊಡನೆ ಕಾಲವು ಕೆಟ್ಟಿತೆಂದೂ, ಹೆಣ್ಣುಮಕ್ಕಳ ವಿದ್ಯೆಯೇ ಇದಕ್ಕೆಲ್ಲ ಮೂಲವೆಂದೂ ಹೇಳುವದು ವಾಡಿಕೆಯಾಗಿದೆ. ಒಂದು ಮನೆಯ ಕಲಹಕ್ಕೆ ಆ ಮನೆಯವರ ಶೀಲದೋಷವು ಕಾರಣವಾಗಿರಬಹುದು. ಆದರೆ ನಾಡಿನಾದ್ಯಂತ ವಿವಾಹದ ರೀತಿಯೇ ಬದಲಾಗುತ್ತಿರುವಾಗ ಅದರ ಕಾರಣವನ್ನು ವ್ಯಕ್ತಿಗಳಲ್ಲಿ ಮಾತ್ರ ಅರಸದೆ ಸಮಾಜದ ರಚನೆಯಲ್ಲಿಯೂ ಅರಸಬೇಕಾಗುವದು.

ಪೂರ್ವದಲ್ಲಿ ವಿವಾಹವನ್ನು ಸ್ಥಿರವಾಗಿ ನಿಲ್ಲಿಸಿದ್ದುದು ದಂಪತಿಗಳ ಪ್ರೇಮವೊಂದೇ ಅಲ್ಲ. ಕೂಡುಮನೆತನ, ಹೊಲದ ದುಡಿಮೆ, ಕಳ್ಳುಬಳ್ಳಿ, ಇವು ಮೂರೂ ಅದಕ್ಕೆ ಆಧಾರಸ್ತಂಭಗಳಾಗಿದ್ದವು. ಕರ್ನಾಟಕದ ಬಹು ಜಾತಿಗಳಲ್ಲಿ ಸೋದರಮಾವನಿಗಾಗಲಿ ಸೋದರತ್ತೆಯ ಮಗನಿಗಾಗಲಿ ಕನ್ಯೆಯನ್ನು ಕೊಡುವ ಪದ್ಧತಿಯು ಬೇರೂರಿತ್ತು. ಅಂಥಲ್ಲಿ ಸೊಸೆಗೆ ಅತ್ತೆಯಾದವಳು ಆಕೆಯ ತಾಯಿಯ ತಾಯಿಯೋ ತಂದೆಯ ಒಡಹುಟ್ಟಿದವಳೋ ಆಗಿರುತ್ತಿದ್ದಳು. ಒಂದು ಸಂಸಾರವು ಮುರಿದರೆ ಎರಡು ಮನೆತನಗಳ ನಂಟು ಮುರಿಯುವದಾಗಿದ್ದ ಕಾರಣ ಹಿರಿಯರು ನಡುವೆ ನಿಂತು ತಿದ್ದುತ್ತಿದ್ದರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ಇಂಥ ತುಂಬಿದ ಮನೆಗೆ ಒಪ್ಪುವ ಮಾತು. ನೌಕರಿಯನ್ನು ಅರಸಿ ಪರಸ್ಥಳಕ್ಕೆ ಹೋಗಿ, ಎರಡು ಕೋಣೆಗಳ ಬಾಡಿಗೆಯ ಮನೆಯಲ್ಲಿ ಇಬ್ಬರೇ ಬಾಳುವವರಿಗೆ ಆ ನೆರವಿಲ್ಲ. ಹಿಂದೆ ಹತ್ತು ಜನರು ಹೊತ್ತ ಭಾರವನ್ನು ಇಂದು ಇಬ್ಬರು ಹೊರಬೇಕಾಗಿದೆ.

ಅಮೇರಿಕದ ಸಮಾಜಶಾಸ್ತ್ರಜ್ಞನಾದ ವಿಲಿಯಂ ಗೂಡ್ ಎಂಬವನು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೈಗಾರಿಕೆಯೂ ನಗರಜೀವನವೂ ಬೆಳೆದಂತೆ ಕುಟುಂಬವು ಪತಿ, ಪತ್ನಿ, ಮಕ್ಕಳು ಇಷ್ಟಕ್ಕೇ ಸಂಕೋಚಗೊಳ್ಳುವದೆಂದು ತೋರಿಸಿದನು. ಆದರೆ ಆತನು ಗಮನಿಸಿದ ಇನ್ನೊಂದು ಸಂಗತಿಯು ವಿಚಾರಾರ್ಹವಾಗಿದೆ. ಜಪಾನಿನಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಚ್ಛೇದಗಳು ಅತಿ ಹೆಚ್ಚಾಗಿದ್ದು, ಕೈಗಾರಿಕೆಗಳು ಬೆಳೆದ ಮೇಲೆ ಅವು ಇಳಿದವು. ಅತ್ತೆಮಾವಂದಿರಿಗೆ ಒಪ್ಪಿಗೆಯಾಗದ ಸೊಸೆಯನ್ನು ಹಿಂದಕ್ಕೆ ಕಳುಹುವ ರೂಢಿಯು ಅಲ್ಲಿ ಪ್ರಬಲವಾಗಿದ್ದಿತು. ಆದಕಾರಣ ವಿಚ್ಛೇದವು ಹೊಸ ಕಾಲದ ರೋಗವೆಂದೇ ನಿರ್ಣಯಿಸುವದು ಸರಿಯಲ್ಲ.

ಕನ್ನಡ ನಾಡಿನ ರೂಢಿಯೂ ಇದನ್ನೇ ಸಾರುವದು. ಲಿಂಗಾಯತರ ಹಲವು ಪಂಗಡಗಳನ್ನೊಳಗೊಂಡು ಅನೇಕ ಸಮಾಜಗಳಲ್ಲಿ ಉಡಿಕಿಯೂ ಸೋಡಚೀಟಿಯೂ ಬಳಕೆಯಲ್ಲಿದ್ದವು. ಹಿರಿಯರ ಸಮಕ್ಷಮ ತೀರಿದ ಆ ವ್ಯವಹಾರಗಳು ಯಾವ ಸರಕಾರಿ ಲೆಕ್ಕಕ್ಕೂ ಬರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1947ರಲ್ಲಿ ಹಿಂದೂ ವಿಚ್ಛೇದದ ಕಾಯದೆಯಾಯಿತು. 1955ರ ಹಿಂದೂ ವಿವಾಹ ಕಾಯದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿಯೇ ಅವರನ್ನು ತನ್ನೊಳಗೆ ಸೇರಿಸಿಕೊಂಡಿತು. 1976ರ ತಿದ್ದುಪಡಿಯಿಂದ ಉಭಯರ ಸಮ್ಮತಿಯ ವಿಚ್ಛೇದಕ್ಕೆ ಅವಕಾಶವಾಯಿತು. ಹೀಗೆ ಹಿಂದೆ ಕಾಣದಿದ್ದುದು ಇಂದು ಕಾಗದದ ಮೇಲೆ ಕಾಣುತ್ತಲಿದೆ.

ವಧುವೂ ಬದಲಾಗಿದ್ದಾಳೆ. ಕನ್ಯೆಯ ಕನಿಷ್ಠ ವಯಸ್ಸು 1929ರ ಶಾರದಾ ಕಾಯದೆಯಲ್ಲಿ 14 ಇದ್ದುದು 1978ರಲ್ಲಿ 18 ಆಯಿತು. ಓದುಬರಹ ಬಲ್ಲ, ಸ್ವಂತ ಸಂಪಾದನೆಯುಳ್ಳ ಸ್ತ್ರೀಯು ಹೊಡೆತವನ್ನು ದೈವಲಿಖಿತವೆಂದು ಸಹಿಸಲಾರಳು. ವಿದ್ಯೆಯು ಮನೆಯನ್ನು ಮುರಿಯಲಿಲ್ಲ. ಮೊದಲೇ ಮುರಿದಿದ್ದ ಮನೆಯಿಂದ ಹೊರಬರುವ ದಾರಿಯನ್ನು ತೋರಿತು.

ಆದರೆ ಆ ದಾರಿಯು ಎಲ್ಲರಿಗೂ ತೆರೆದಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ವಿಚ್ಛೇದವಿಲ್ಲದೆ ಬೇರೆಯಾಗಿ ಬಾಳುವವರು ಅದರ ಸುಮಾರು ಎರಡೂವರೆ ಪಟ್ಟು. ಇತ್ತ ಗಂಡನ ಮನೆಯೂ ಇಲ್ಲದೆ, ಅತ್ತ ಬಿಡುಗಡೆಯೂ ಇಲ್ಲದೆ ತವರಿನ ಮೂಲೆಯಲ್ಲಿ ಕಾಲ ಕಳೆಯುವ ಹೆಣ್ಣುಮಕ್ಕಳೂ ಈ ಎಣಿಕೆಯಲ್ಲಿದ್ದಾರೆ. ಸಮಾಜದ ನಿಜವಾದ ಪರೀಕ್ಷೆಯು ನ್ಯಾಯಾಲಯದಲ್ಲಲ್ಲ, ಆ ತವರಿನ ಹೊಸ್ತಿಲಲ್ಲಿ ನಡೆಯುವದು.

ಹರಿಹರನ ರಗಳೆಯಲ್ಲಿ ಅಕ್ಕಮಹಾದೇವಿಯು ಕೌಶಿಕನನ್ನು ಕರಾರಿನ ಮೇಲೆ ವರಿಸಿ, ಅವನು ಮಾತಿಗೆ ತಪ್ಪಲು ಅರಮನೆಯನ್ನು ತ್ಯಜಿಸುತ್ತಾಳೆ. ಆಕೆಯದು ವೈರಾಗ್ಯದ ಹಾದಿ, ಸಾಮಾನ್ಯ ಸಂಸಾರಿಗಳದಲ್ಲ. ಆದರೂ ಗಂಡನ ಮನೆಯನ್ನು ಬಿಟ್ಟು ಬಂದವಳನ್ನು ಅಕ್ಕನೆಂದು ಕರೆದ ಪರಂಪರೆಯ ಭಕ್ತರು ಹಿಂದಿರುಗಿದ ಮಗಳಿಗೆ ಕದವಿಕ್ಕುವದು ಉಚಿತವೇ?

ಹೋದ ಕೂಡುಮನೆತನವನ್ನು ಮರಳಿ ತರುವದು ಯಾರ ಕೈಯಲ್ಲಿಯೂ ಇಲ್ಲ. ಅದು ನೀಡುತ್ತಿದ್ದ ಆಸರೆಯನ್ನು ಬೇರೆ ರೂಪದಲ್ಲಿ ಒದಗಿಸುವದು ಮಾತ್ರ ಸಾಧ್ಯ. ನಿಶ್ಚಯಕ್ಕೆ ಮುಂಚೆ ಕನ್ಯೆಯ ಮನಸ್ಸನ್ನು ಕೇಳುವದು, ವರದಕ್ಷಿಣೆಯ ಮಾತನ್ನೆತ್ತದಿರುವದು, ಕಲಹವು ಚಿಕ್ಕದಿರುವಾಗಲೇ ಇಬ್ಬರ ಮಾತನ್ನೂ ಸಮನಾಗಿ ಆಲಿಸುವದು, ಕೂಡಿಸಲಾಗದ್ದನ್ನು ಬಲವಂತದಿಂದ ಕೂಡಿಸದಿರುವದು, ಬೇರ್ಪಟ್ಟವರ ಮರುವಿವಾಹಕ್ಕೆ ಮುಂದಾಗಿ ನಿಲ್ಲುವದು, ಇವೇ ಮಠಗಳೂ ಮನೆತನದ ಹಿರಿಯರೂ ಕೈಕೊಳ್ಳಬೇಕಾದ ಕಾಯಕಗಳು. ಇಷ್ಟಾದರೆ ವಿವಾಹವು ಭಯದಿಂದಲ್ಲ, ಒಪ್ಪಿಗೆಯಿಂದ ಸ್ಥಿರವಾಗುವದು.