ಮನೆಯ ತಂಪು, ಬಚ್ಚಲದ ಬಿಸಿನೀರು ಮತ್ತು ಕರೆಂಟ್ ಬಿಲ್ಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಗೋಷ್ಠಿಯಲ್ಲಿ ಎಲ್ಲರಿಗೂ ಉಪಯೋಗವಾಗುವ ಒಂದು ವಿಷಯ ಹೇಳಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ವಿದ್ಯುತ್ ಸರಬರಾಜಿನ ಕೆಲಸದಲ್ಲೇ ನನ್ನ ಆಯುಷ್ಯ ಕಳೆದಿದೆ. ಆದ್ದರಿಂದ ಕರೆಂಟಿನ ವಿಷಯವನ್ನೇ ತೆಗೆದುಕೊಂಡಿದ್ದೇನೆ. ಕರೆಂಟು ಉಳಿಸಿ ಎಂದರೆ ದೀಪ ಆರಿಸಿ ಎಂಬ ಮಾತೇ ನಮಗೆಲ್ಲ ನೆನಪಾಗುತ್ತದೆ. ಈಗಿನ ಎಲ್‌ಇಡಿ ದೀಪ 9 ವ್ಯಾಟಿನದು. ಇಡೀ ರಾತ್ರಿ ಉರಿದರೂ ಹೆಚ್ಚು ತಿನ್ನುವುದಿಲ್ಲ. ಮನೆಯ ಬಿಲ್ಲನ್ನು ಏರಿಸುವವು ಮುಖ್ಯವಾಗಿ ಎರಡು ಕೆಲಸ: ಬೇಸಿಗೆಯಲ್ಲಿ ಮನೆಯನ್ನು ತಂಪು ಮಾಡುವುದು, ದಿನಾ ಬೆಳಿಗ್ಗೆ ಸ್ನಾನದ ನೀರು ಕಾಯಿಸುವುದು.

ನಮ್ಮ ಕಲಬುರಗಿ, ರಾಯಚೂರು ಸೀಮೆಗೆ ಬಿಸಿಲು ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು. ಈಗ ನಾವು ಏನು ಮಾಡುತ್ತಿದ್ದೇವೆ ನೋಡಿ. ಆ ಬಿಸಿಲನ್ನು ಮಾಳಿಗೆಯ ಮೂಲಕ ಮನೆಯೊಳಗೆ ಬಿಟ್ಟುಕೊಳ್ಳುತ್ತೇವೆ, ಆಮೇಲೆ ದುಡ್ಡು ಕೊಟ್ಟು ಹೊರಗೆ ಹಾಕಲು ನೋಡುತ್ತೇವೆ. ಅದೇ ಬಿಸಿಲಿನಿಂದ ಪುಕ್ಕಟೆ ಕಾಯಬಹುದಾದ ನೀರನ್ನು ಕರೆಂಟಿನಿಂದ ಕಾಯಿಸುತ್ತೇವೆ. ಬೇಡದ ಕಡೆ ಬಿಸಿಲನ್ನು ತಡೆಯಬೇಕು, ಬೇಕಾದ ಕಡೆ ಹಿಡಿದುಕೊಳ್ಳಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ನಮ್ಮ ಹಳೆಯ ಮನೆಗಳ ವಿಷಯ. ಕಲ್ಲು ಮಣ್ಣಿನ ಒಂದೂವರೆ ಅಡಿ, ಎರಡು ಅಡಿ ದಪ್ಪದ ಗೋಡೆ, ಮೇಲೆ ತೊಲೆ ಜಂತಿ ಹಾಕಿ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಹೊರಗಿನಿಂದ ಬಂದವರು ಪಡಸಾಲೆಯಲ್ಲಿ ಕೂತರೆ ಬೆವರು ಆರುತ್ತಿತ್ತು. ದಪ್ಪ ಗೋಡೆ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಮಧ್ಯಾಹ್ನದ ಕಾವು ಒಳಗಿನ ಮೈಗೆ ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಹೊರಗೆ ಗಾಳಿ ತಂಪಾಗಿರುತ್ತದೆ. ಒಳಗಿನ ಬಿಸಿಗಾಳಿ ಮೇಲಿನ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಪುಸ್ತಕ ಓದದ ನಮ್ಮ ಗೌಂಡಿಗಳಿಗೆ ಈ ಲೆಕ್ಕ ಗೊತ್ತಿತ್ತು.

ಹಳೆಯ ಮನೆಗೆ ಹೋಗಿರಿ ಎಂದು ನಾನು ಹೇಳುತ್ತಿಲ್ಲ. ಮಣ್ಣಿನ ಮಾಳಿಗೆ ಸೋರುತ್ತಿತ್ತು, ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಬೇಕಿತ್ತು. ಆರ್‌ಸಿಸಿ ಮನೆ ಕಟ್ಟಿದ್ದು ಸರಿಯೇ. ಆದರೆ ನಾಲ್ಕೈದು ಇಂಚಿನ ಆ ಸ್ಲ್ಯಾಬಿನ ಗುಣ ತಿಳಿದಿರಬೇಕು. ಬೇಸಿಗೆಯಲ್ಲಿ ಸೂರ್ಯ ಹೆಚ್ಚು ಹೊತ್ತು ಇರುವುದು ನಮ್ಮ ನೆತ್ತಿಯ ಮೇಲೆ. ಹಾಗಾಗಿ ಒಂದಂತಸ್ತಿನ ಮನೆಗೆ ಅತಿ ಹೆಚ್ಚು ಕಾವು ಬರುವುದು ಮಾಳಿಗೆಯಿಂದ. ಮಧ್ಯಾಹ್ನ ಕುಡಿದ ಬಿಸಿಲನ್ನು ಸ್ಲ್ಯಾಬು ಕೆಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ರಾತ್ರಿ ಒಂಬತ್ತು ಗಂಟೆಗೆ ಹೊರಗೆ ಅಂಗಳ ತಂಪಾಗಿದ್ದರೂ ಒಳಗೆ ಮಲಗಲು ಆಗದಿರುವುದು ಇದಕ್ಕೇ. ಫ್ಯಾನು ಹಾಕಿದರೆ ಆ ಸ್ಲ್ಯಾಬಿನ ಕೆಳಗಿನ ಬಿಸಿಗಾಳಿಯೇ ನಮ್ಮ ಮೇಲೆ ಬೀಳುತ್ತದೆ.

ಇದಕ್ಕೆ ಅತಿ ಅಗ್ಗದ ಔಷಧ ಸುಣ್ಣ. ಕಪ್ಪು ಬಟ್ಟೆ ಬಿಸಿಲಿಗೆ ಬೇಗ ಕಾಯುತ್ತದೆ, ಬಿಳಿ ಬಟ್ಟೆ ಕಾಯುವುದಿಲ್ಲ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಸ್ಲ್ಯಾಬಿಗೂ ಅದೇ ನಿಯಮ. ಹಳೆಯ ಕಾಂಕ್ರೀಟು ಮಳೆ, ಪಾಚಿಯಿಂದ ಕಪ್ಪಾಗಿ ಬಿಸಿಲಿನ ಬಹುಪಾಲನ್ನು ಹೀರುತ್ತದೆ. ಬಿಳಿ ಬಳಿದರೆ ಬಹುಪಾಲನ್ನು ಆಕಾಶಕ್ಕೆ ತಿರುಗಿಸುತ್ತದೆ. ಹೀಗೆ ಮಾಡಿದ ಮನೆಗಳಲ್ಲಿ ಒಳಗಿನ ಉಷ್ಣತೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. 41ರಲ್ಲಿ ನಿದ್ದೆ ಬಾರದವರಿಗೆ 37ರಲ್ಲಿ ಕಣ್ಣು ಮುಚ್ಚುತ್ತದೆ. ವಯಸ್ಸಾದವರಿಗೆ, ಬಾಣಂತಿಯರಿಗೆ, ಕೂಸುಗಳಿಗೆ ಇದು ಜೀವದ ಪ್ರಶ್ನೆ.

ಮಾಡುವ ವಿಧಾನವನ್ನೂ ಹೇಳುತ್ತೇನೆ. ಶಿವರಾತ್ರಿಯ ಹೊತ್ತಿಗೆ ಮಾಳಿಗೆಯನ್ನು ಚೆನ್ನಾಗಿ ಗುಡಿಸಿ, ಪಾಚಿ ಉಜ್ಜಿ ತೊಳೆಯಬೇಕು. ಬಿರುಕು ಇದ್ದರೆ ಸಿಮೆಂಟಿನಿಂದ ಮುಚ್ಚಬೇಕು. ಕಲ್ಲುಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಅದಕ್ಕೆ ಬಣ್ಣದ ಅಂಗಡಿಯಲ್ಲಿ ಸಿಗುವ ಅಂಟು ಬೆರೆಸಬೇಕು. ಸುಣ್ಣ ಅರಳುವಾಗ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಸಂಜೆ ಹೊತ್ತು ಬಳಿಯಿರಿ. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಮಳೆಗೆ ತೊಳೆದು ಹೋಗುವುದರಿಂದ ಮುಂದಿನ ವರ್ಷ ಮತ್ತೆ ಬಳಿಯಬೇಕು. ಅನುಕೂಲ ಇದ್ದವರು ಹಲವು ವರ್ಷ ಬಾಳುವ ಬಿಳಿ ಕೂಲ್ ರೂಫ್ ಬಣ್ಣ ಬಳಿಸಬಹುದು, ಇಲ್ಲವೇ ಬಿಳಿ ಟೈಲ್ಸ್ ಚೂರು ಹಾಕಿಸಬಹುದು.

ಇದು ಬಡವರ ಉಪಾಯ ಎಂದು ಹಗುರ ಮಾಡಬೇಡಿ. ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿ ಬಹಳ ಸಾವುಗಳಾದವು. ಆಮೇಲೆ 2013ರಲ್ಲಿ ಆ ನಗರಪಾಲಿಕೆ ಬಿಸಿಗಾಳಿಯನ್ನು ಎದುರಿಸುವ ಯೋಜನೆ ಮಾಡಿತು. ಮುಂದೆ ಬಡಾವಣೆಗಳ ಮಾಳಿಗೆಗಳಿಗೆ ಬಿಳಿ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ನಮ್ಮ ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿದೆ.

ತಗಡಿನ ಮನೆಯವರ ಕಷ್ಟ ಇನ್ನೂ ಹೆಚ್ಚು. ತಗಡು ಕಾಯಲು ಹತ್ತು ನಿಮಿಷ ಸಾಕು. ಅಂಥವರು ತಗಡಿಗೆ ಬಿಳಿ ಬಣ್ಣ ಹೊಡೆಯಬಹುದು, ಅಥವಾ ಒಂದಡಿ ಮೇಲೆ ನರ್ಸರಿಗಳಲ್ಲಿ ಕಟ್ಟುವ ಹಸಿರು ನೆರಳುಬಲೆ ಕಟ್ಟಬಹುದು. ನಡುವೆ ಗಾಳಿ ಆಡಲು ಜಾಗ ಬಿಡುವುದು ಮುಖ್ಯ. ತಗಡಿನ ಮೇಲೆ ಕಣಿಕೆ, ಕಬ್ಬಿನ ರವದಿ ಹೊದಿಸುವ ರೂಢಿಯಿದೆ. ತಂಪಾಗುವುದು ನಿಜ, ಆದರೆ ಬೆಂಕಿಯ ಭಯ. ಒಲೆಯ ಹೊಗೆ ಹೋಗುವ ಕಡೆ, ಕರೆಂಟಿನ ವೈರ್ ಹಾದಿರುವ ಕಡೆ ಅದು ಬೇಡವೇ ಬೇಡ.

ಮಾಳಿಗೆಯ ನಂತರ ಕಿಟಕಿ. ಸೆಕೆ ಎಂದು ಮಟಮಟ ಮಧ್ಯಾಹ್ನ ಎಲ್ಲ ಕಿಟಕಿ ತೆರೆಯುತ್ತೇವೆ. ಹೊರಗೆ 42 ಡಿಗ್ರಿ ಗಾಳಿ ಇರುವಾಗ ಅದನ್ನು ಒಳಗೆ ಕರೆದಂತಾಯಿತು. ಬೆಳಿಗ್ಗೆ ಒಂಬತ್ತು ಗಂಟೆಗೆ ಕಿಟಕಿ ಮುಚ್ಚಿ, ಪರದೆ ಇಳಿಸಿ. ಸಂಜೆ ಹೊರಗಿನ ಗಾಳಿ ತಂಪಾದ ಮೇಲೆ ಎದುರುಬದುರು ಕಿಟಕಿ ತೆರೆದು ರಾತ್ರಿಯೆಲ್ಲ ಬಿಡಿ. ಪಡುವಣದ ಗೋಡೆಗೆ ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ಬಡಿಯುತ್ತದೆ. ಆ ಕಡೆ ಒಂದು ಬೇವು ಅಥವಾ ಹೊಂಗೆ ಹಚ್ಚಿದರೆ ನೆರಳು ಮೊಮ್ಮಕ್ಕಳವರೆಗೆ ಬರುತ್ತದೆ. ಹೊಸ ಮನೆ ಕಟ್ಟುವವರು ಕಿಟಕಿಗೆ ಅಗಲವಾದ ಸಜ್ಜಾ ಬಿಡಿಸಿ, ಪಡುವಣಕ್ಕೆ ದೊಡ್ಡ ಗಾಜಿನ ಕಿಟಕಿ ಇಡಬೇಡಿ.

ಇಷ್ಟು ಮಾಡಿದ ಮೇಲೆ ಯಂತ್ರಗಳ ಮಾತು. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟಿನದು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗ ಬಿಎಲ್‌ಡಿಸಿ ಫ್ಯಾನು ಬಂದಿದೆ, ಸುಮಾರು 30 ವ್ಯಾಟು. ಅದಕ್ಕೆ 11 ಯೂನಿಟ್ ಸಾಕು. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ನಮ್ಮ ಮೈಯ ಬೆವರನ್ನು ಆರಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ವ್ಯರ್ಥ. ಇನ್ನೊಂದು ಮಾತು: ಕೋಣೆಯೊಳಗೇ 40 ಡಿಗ್ರಿ ದಾಟಿದಾಗ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ. ಮುಪ್ಪಿನವರಿಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಆಗಾಗ ನೀರು, ಮಜ್ಜಿಗೆ ಕುಡಿಸಬೇಕು.

ನಮ್ಮ ಒಣ ಸೀಮೆಗೆ ಏರ್ ಕೂಲರ್ ಹೇಳಿ ಮಾಡಿಸಿದ್ದು. ಮಣ್ಣಿನ ಹರವಿಯ ನೀರು ಹೇಗೆ ತಂಪಾಗುತ್ತದೋ ಕೂಲರಿನ ಗಾಳಿಯೂ ಹಾಗೇ ತಂಪಾಗುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರಿಕೊಳ್ಳುತ್ತದೆ. ಮನೆಯಲ್ಲಿ ಬಳಸುವ ಕೂಲರಿಗೆ 150ರಿಂದ 200 ವ್ಯಾಟು ಸಾಕು. ಆದರೆ ಕೂಲರು ಕಿಟಕಿಯ ಬಳಿ ಇರಬೇಕು, ಹೊರಗಿನ ಒಣಗಾಳಿ ಅದಕ್ಕೆ ಸಿಗಬೇಕು, ಎದುರು ಕಿಟಕಿ ಸ್ವಲ್ಪ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಗಂಟೆಯೊಳಗೆ ಮೈ ಜಿಗುಟಾಗುತ್ತದೆ. ಮಳೆಗಾಲದಲ್ಲಿ ಅದು ನಡೆಯುವುದಿಲ್ಲ, ಮಂಗಳೂರಿನ ಕಡೆ ಇರುವ ನಮ್ಮ ಮಕ್ಕಳಿಗೂ ಅದು ಉಪಯೋಗವಿಲ್ಲ, ಯಾಕೆಂದರೆ ಅಲ್ಲಿನ ಗಾಳಿಯಲ್ಲೇ ತೇವ ತುಂಬಿರುತ್ತದೆ.

ಊರಿಗೆ ಎಸಿಯೂ ಬಂದಿದೆ. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತೆಗೆದುಕೊಳ್ಳುತ್ತದೆ. ಅದನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗುವವರನ್ನು ನೋಡಿದ್ದೇನೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳು ಚಾಲೂ ಮಾಡಿದ ಕೂಡಲೇ 24 ಡಿಗ್ರಿಯಲ್ಲಿ ಇರಬೇಕೆಂಬ ನಿಯಮವೂ ಬಂದಿದೆ. 26ಕ್ಕೆ ಇಟ್ಟು ಜೊತೆಗೆ ಫ್ಯಾನು ನಿಧಾನವಾಗಿ ಬಿಟ್ಟರೆ ಸುಖವಾಗಿ ನಿದ್ದೆ ಬರುತ್ತದೆ. ಎಸಿ ಕೊಳ್ಳುವ ಮೊದಲು ಮಾಳಿಗೆಗೆ ಬಿಳಿ ಬಳಿಸಿ. ಚಿಕ್ಕ ಎಸಿಯೇ ಸಾಕಾಗಬಹುದು, ಎಸಿಯೇ ಬೇಡವೆನಿಸಲೂಬಹುದು.

ಈಗ ಬಚ್ಚಲಕ್ಕೆ ಬರೋಣ. ಮಕ್ಕಳೇ, ಈ ಲೆಕ್ಕವನ್ನು ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಬೇಕು. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಏರಿಸಲು 1680 ಕಿಲೋಜೂಲ್. ಒಂದು ಯೂನಿಟ್ ಎಂದರೆ 3600 ಕಿಲೋಜೂಲ್. ಅಂದರೆ ಒಂದು ಬಕೆಟ್ಟಿಗೆ ಹತ್ತಿರ ಹತ್ತಿರ ಅರ್ಧ ಯೂನಿಟ್. ಐದು ಜನರ ಮನೆಗೆ ತಿಂಗಳಿಗೆ 70 ಯೂನಿಟ್! ಕಾಯಿಲ್ ಹಾಕಿದರೂ ಇಷ್ಟೇ, ಗೀಜರ್ ಹಾಕಿದರೂ ಇಷ್ಟೇ. ಗೀಜರನ್ನು ಆರಿಸದೆ ಬಿಟ್ಟರೆ ಇನ್ನಷ್ಟು ಹೆಚ್ಚು.

ಇದರಲ್ಲಿ ಊರಿನ ಪ್ರಶ್ನೆಯೂ ಇದೆ. ಚಳಿಗಾಲದ ಬೆಳಿಗ್ಗೆ ಟಿ.ಸಿ. ಸುಟ್ಟಿತು ಎಂದು ಎಲ್ಲರೂ ಲೈನ್‌ಮನ್ನನ್ನು ಬೈಯುತ್ತೀರಿ. ಒಂದು ಕಾಯಿಲ್ ಒಂದೂವರೆ ಕಿಲೋವ್ಯಾಟಿನದು. 63 ಕೆ.ವಿ.ಎ. ಟಿ.ಸಿ. ಮೇಲೆ ಏಕಕಾಲಕ್ಕೆ ನಲವತ್ತು ಮನೆಯವರು ಕಾಯಿಲ್ ಹಾಕಿದರೆ ಅದಷ್ಟಕ್ಕೇ ಟಿ.ಸಿ. ತುಂಬಿತು. ಉಳಿದ ಮನೆಗಳ, ಗಿರಣಿಗಳ ಭಾರವನ್ನು ಅದು ಹೊರುವುದು ಹೇಗೆ? ತಾಯಂದಿರಿಗೆ ಒಂದು ಎಚ್ಚರಿಕೆ: ಕಾಯಿಲ್ ಹಾಕಿದಾಗ ನೀರಿನಲ್ಲಿ ಬೆರಳದ್ದಿ ನೋಡಬೇಡಿ. ಸ್ವಿಚ್ ಆರಿಸಿ, ಪಿನ್ನು ಕಿತ್ತ ಮೇಲೆಯೇ ಬಕೆಟ್ ಮುಟ್ಟಿ. ಮನೆಗೆ ಸರಿಯಾದ ಅರ್ಥಿಂಗ್ ಇರಲಿ, ಇಎಲ್‌ಸಿಬಿ ಹಾಕಿಸಿ. ಅಜಾಗರೂಕತೆಯಿಂದ ಹೋದ ಜೀವ ಯಾವ ಪರಿಹಾರದಿಂದಲೂ ಮರಳಿ ಬರುವುದಿಲ್ಲ.

ವರ್ಷದಲ್ಲಿ ಬಹುಪಾಲು ದಿನ ನಮ್ಮಲ್ಲಿ ಒಳ್ಳೆಯ ಬಿಸಿಲಿದೆ. 100 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ ಈ 70 ಯೂನಿಟ್ಟಿನ ದೊಡ್ಡ ಪಾಲು ಉಳಿಯುತ್ತದೆ. ನಮ್ಮ ಬೋರಿನ ನೀರು ಗಡಸು, ಪೈಪಿನಲ್ಲಿ ಸುಣ್ಣ ಕಟ್ಟುತ್ತದೆ. ಕೊಳ್ಳುವಾಗಲೇ ಇದನ್ನು ಹೇಳಿ, ಗಡಸು ನೀರಿಗೆ ಹೊಂದುವುದನ್ನು ಕೇಳಿ ಪಡೆಯಿರಿ. ಅಷ್ಟು ಹಣ ಇಲ್ಲದವರಿಗೂ ದಾರಿಯಿದೆ. ಮುಚ್ಚಳವಿರುವ ಕಪ್ಪು ಡ್ರಮ್ಮನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ನೀರು ತುಂಬಿಸಿ, ಸಂಜೆ ಸ್ನಾನ ಮಾಡಿ. ಹೊಲದಿಂದ ಬಂದವರಿಗೆ ಸಂಜೆಯ ಸ್ನಾನವೇ ಹಿತ.

ಹಂಡೆಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಸುವವರು ಇನ್ನೂ ಇದ್ದೀರಿ. ಅದು ಹೊಲದ್ದೇ, ತಪ್ಪೇನಿಲ್ಲ. ಆದರೆ ಒಲೆ ಸರಿಯಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. ಅಲ್ಲಿಂದ ಬಂದ ಅಸ್ತ್ರ ಒಲೆ ರಾಜ್ಯದ ಎಷ್ಟೋ ಅಡುಗೆಮನೆಗಳನ್ನು ಸೇರಿತು. ಉರಿಗೆ ಬೇಕಾದಷ್ಟೇ ಗಾಳಿ, ಪಾತ್ರೆಗೆ ತಗಲುವ ಜ್ವಾಲೆ, ಹೊಗೆಗೆ ಕೊಳವೆ, ಇವೇ ಅದರ ಗುಟ್ಟು. ಹಂಡೆಯ ಒಲೆಗೂ ಈ ಮೂರು ಗುಣ ಇದ್ದರೆ ಕಟ್ಟಿಗೆ ಕಡಿಮೆ ಸಾಕು, ಹೊಗೆಗೆ ತಾಯಂದಿರ ಕಣ್ಣು ಉರಿಯುವುದಿಲ್ಲ.

2023ರ ಜುಲೈಯಿಂದ ಗೃಹಜ್ಯೋತಿ ಬಂದಿದೆಯಲ್ಲ, ಉಳಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಕೂಲರು, ಕಾಯಿಲ್, ಹಳೆಯ ಫ್ಯಾನುಗಳ ಮನೆ ಮೇ ತಿಂಗಳಲ್ಲಿ ಆ ಗೆರೆಯ ಹತ್ತಿರವೇ ಇರುತ್ತದೆ. ಜೊತೆಗೆ, ಬಿಲ್ಲು ಸೊನ್ನೆ ಬಂದರೂ ಆ ಕರೆಂಟಿಗಾಗಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದೇ ಇರುತ್ತದೆ, ಸರ್ಕಾರ ಕೊಡುವ ದುಡ್ಡೂ ನಮ್ಮದೇ.

ಕೊನೆಯದಾಗಿ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬೇಡಿಕೆ. ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂದು ಎಲ್ಲರೂ ಮಾತಾಡುತ್ತಿದ್ದೀರಿ. ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಆದರೆ ನಮ್ಮ ಶಾಲೆಯ ಹೊಸ ಕೊಠಡಿಗಳೆಲ್ಲ ಆರ್‌ಸಿಸಿ. ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವುದು, ಬರೆಯುವುದು ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ. ಬರುವ ಫೆಬ್ರವರಿಯೊಳಗೆ ಆ ಮಾಳಿಗೆಗಳಿಗೆ ಬಿಳಿ ಬಳಿಸೋಣ. ಪಡುವಣ ಗೋಡೆಯ ಪಕ್ಕ ಬೇವಿನ ಸಸಿ ನೆಡೋಣ. ಮೊದಲು ಒಂದು ಕೊಠಡಿಗೆ ಮಾತ್ರ ಬಳಿದು, ಪಕ್ಕದ ಕೊಠಡಿಯನ್ನು ಎರಡು ವಾರ ಹಾಗೇ ಬಿಡೋಣ. ಎರಡರಲ್ಲೂ ಒಂದೊಂದು ಉಷ್ಣತಾಮಾಪಕ ತೂಗು ಹಾಕೋಣ. ಒಂಬತ್ತನೇ ತರಗತಿಯ ಮಕ್ಕಳು ದಿನಾ ಮಧ್ಯಾಹ್ನ ಮೂರು ಗಂಟೆಗೆ ಅಂಕಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಲಿ. ಊರವರೇ ಬಂದು ನೋಡಲಿ. ನನ್ನ ಮಾತನ್ನು ನಂಬಬೇಕಾಗಿಲ್ಲ, ಮಕ್ಕಳು ಬರೆದ ಅಂಕಿಯನ್ನು ನಂಬಿದರೆ ಸಾಕು. ಮೊದಲ ಕೊಠಡಿಯ ಸುಣ್ಣದ ಖರ್ಚು ನನ್ನದು.